ಮೆಣಸಿನಕಾಯಿ ಕಚ್ಚಿಸಿದ ಡಾಕ್ಟರು

ಚಿತ್ರದುರ್ಗದ ಆ ದಂತವೈದ್ಯೆಯ ಮೇಜಿಗೆ ಮೊದಲ ದಿನ ಮೆಣಸಿನಕಾಯಿ ಬಜ್ಜಿ ತರಿಸಿದ್ದು ಅವರೋ, ತಂದಿದ್ದು ನಾವೋ, ನನಗೆ ಖಾತ್ರಿಯಿಲ್ಲ. ತಂಗಿಯ ಮಗಳು ಕಚ್ಚಿ ಎಳೆದಾಗ ಮೆಣಸಿನಕಾಯಿ ತುಂಡಾಗದೆ ಇಡಿಯಾಗಿ ಬಾಯಿಗೆ ಜಾರಿ, ಬರೀ ಹಿಟ್ಟು ಕೈಯಲ್ಲಿ ಉಳಿದದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಕೆಳದವಡೆ ಹಿಂದೆ ನಿಂತಿದ್ದರಿಂದ ಅವಳ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ.

ಡಾಕ್ಟರು ಒಂದು ಅಂಗೈಯಲ್ಲಿ ಹಲ್ಲಿಗೆ ಅಂಟಿಸುವ ತಂತಿ, ಇನ್ನೊಂದರಲ್ಲಿ ಮೇಲೊಂದು ಕೆಳಗೊಂದು ಹಾಕಿ ತೆಗೆಯಬಹುದಾದ ಜೋಡಿ ಪ್ಲೇಟು ಇಟ್ಟುಕೊಂಡು ತೂಗಿದರು.

"ಸ್ಕೂಲಲ್ಲಿ ಎಲ್ರೂ ತಂತಿನೇ ಹಾಕಿಸ್ಕಂಡವ್ರೆ ಮೇಡಂ," ಎಂದಳು ತಂಗಿ.

"ತಂತಿ ಹಲ್ಲು ಸರಿಸ್ತೈತೆ ಕಣ್ರಿ, ಪ್ಲೇಟು ದವಡೆನೇ ಮುಂದಕ್ಕೆ ತರ್ತೈತೆ. ಇವಳ ಹಲ್ಲು ನೆಟ್ಟಗೇ ಅವೆ. ಬೆಳವಣಿಗೆ ನಿಂತ ಮೇಲೆ ಬಂದಿದ್ರೆ ಕಷ್ಟ ಇತ್ತು. ಈಗ ಬೆಳೆಯೋ ದವಡೆ ನಮ್ಮ ಕಡೆ ಐತೆ."

ಈ ಕೊನೆಯ ಮಾತನ್ನು ಅವರು ಪ್ರತಿ ಭೇಟಿಯಲ್ಲೂ ಹುಡುಗಿಯ ಗದ್ದ ಹಿಡಿದು ಹೇಳುತ್ತಿದ್ದರು.

"ಇದನ್ನ ಹಾಕ್ಕಂಡ್ರೆ ಮಾತೇ ಬರಲ್ಲ," ಎಂದು ಹುಡುಗಿ ಪ್ಲೇಟಿನೊಳಗಿಂದ ತೊದಲಿದಳು.

"ಬರ್ತೈತವ್ವ. ಒಂದು ವಾರ ಅಮ್ಮನ ಜೊತೆ ಜಗಳ ಕಮ್ಮಿ ಮಾಡು."

ಹುಡುಗಿ ಹಟ ಹಿಡಿದು ಹಾಕಿಕೊಂಡಳು, ನಿದ್ದೆಯಲ್ಲೂ ಬಿಡಲಿಲ್ಲ. ವರ್ಷ ತುಂಬುವ ಹೊತ್ತಿಗೆ ಡಾಕ್ಟರೇ ಬಜ್ಜಿ ತರಿಸಿದರು. ಹುಡುಗಿ ಕಚ್ಚಿದಳು. ಮೆಣಸಿನಕಾಯಿ ಸರಿಯಾಗಿ ಎರಡಾಯಿತು. ಡಾಕ್ಟರು ಉಳಿದರ್ಧವನ್ನು ಎತ್ತಿ ಹಿಡಿದು, ಹೊರಗೆ ಕಾಯುತ್ತಿದ್ದವರಿಗೆಲ್ಲ ತೋರಿಸಿ ಬಂದರು.

ಎರಡಾದ ಆ ಮೆಣಸಿನಕಾಯಿ ಮೆತ್ತಗೆ ಬೆಂದಿತ್ತೇನೋ ಎಂಬ ಅನುಮಾನ ನನ್ನನ್ನು ಬಿಟ್ಟಿರಲಿಲ್ಲ. ಮೊನ್ನೆ ತಂಗಿಯ ಮನೆಯಲ್ಲಿ ಚಿಕಿತ್ಸೆಗೆ ಮೊದಲೂ ಮುಗಿದ ಮೇಲೂ ಡಾಕ್ಟರು ತೆಗೆದಿದ್ದ, ಹುಡುಗಿಯ ಹಲ್ಲಿನ ಪ್ಲಾಸ್ಟರ್ ಅಚ್ಚುಗಳನ್ನು ಕೇಳಿ ತರಿಸಿ ನೋಡಿದೆ. ಮೊದಲನೆಯದರಲ್ಲಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ನನ್ನ ಕಿರುಬೆರಳು ಹೋಗುತ್ತದೆ. ಕೊನೆಯದರಲ್ಲಿ ಉಗುರೂ ಹೋಗುವುದಿಲ್ಲ.