ಹೊಗೆಯ ಚಿತ್ರ ಓದುತ್ತಿದ್ದ ಫಾರೆಸ್ಟರು

ಅವರ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಯಾವುದೋ ಹಳೆಯ ಕಾಡ್ಗಿಚ್ಚು ಸುಟ್ಟ ಆ ಜಾಗ ನುಣ್ಣಗೆ ಹೊಳೆಯುತ್ತಿತ್ತು. ನಮ್ಮ ಸಿರಿಮನೆ ಕಡೆಯ ಫಾರೆಸ್ಟರು ಅವರು. ನಮ್ಮ ಮನೆಯ ಮಜ್ಜಿಗೆ ಕುಡಿಯದೆ ಗುಡ್ಡ ಹತ್ತುತ್ತಿರಲಿಲ್ಲ.

ಕೊಪ್ಪಕ್ಕೆ ಇಂಟರ್‌ನೆಟ್ ಅಂಗಡಿ ಬಂದ ಹೊಸತು. ಬೇಸಿಗೆಯಲ್ಲಿ ಅವರು ಅಲ್ಲಿಂದ ಉಪಗ್ರಹದ ಚಿತ್ರ ಪ್ರಿಂಟ್ ಹಾಕಿಸಿ ತರುತ್ತಿದ್ದರು. ಹಸಿರಿನ ಮೇಲೆ ಬೂದುಬಣ್ಣದ ಗೀರು, ಅದೇ ಹೊಗೆ. "ಬಾಲ ಅಗಲ ಆಗ್ತಾ ಹೋಗ್ತದೆ ಮಾರಾಯ, ತಲೆ ಚೂಪು. ಚೂಪು ಇರೋ ಕಡೆ ಬೆಂಕಿ," ಎಂದು ಬೆರಳಿಟ್ಟು ತೋರಿಸುತ್ತಿದ್ದರು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ನಾನು ಗುಡ್ಡದ ಒಣಹುಲ್ಲಿಗೆ ಬೆಂಕಿ ಕೊಟ್ಟೆ. ಸುಟ್ಟರೆ ಮೊದಲ ಮಳೆಗೆ ದನಗಳಿಗೆ ಎಳೆಹುಲ್ಲು ಚಿಗುರುತ್ತದೆ. ಅಪ್ಪನೂ ಕೊಡುತ್ತಿದ್ದ, ಅಜ್ಜನೂ. ಆದರೆ ಈ ಸಲ ಬೆಂಕಿ ಹುಲ್ಲು ದಾಟಿ ಕಾಡಿಗೆ ಇಳಿಯಿತು.

ಮರುದಿನ ಬೆಳಿಗ್ಗೆ ಹೊಗೆ ಕವಿದು ಎದುರಿನ ಗುಡ್ಡವೇ ಕಾಣುತ್ತಿರಲಿಲ್ಲ. ಕಾಡು ಕಾಯುವ ಇಬ್ಬರು ವಾಚರರೊಡನೆ ಬಂದ ಫಾರೆಸ್ಟರು ಹಿಂದಿನ ದಿನದ ಚಿತ್ರವನ್ನು ಜಗಲಿಯ ಮೇಲೆ ಹರಡಿದರು.

"ಹೊಗೆಯ ಬಾಲ ಪಡುವಲಿಗೆ ಹೋಗಿದೆ, ಚೂಪು ತಲೆ ಇಲ್ಲಿದೆ. ಹಂಗಾರೆ ಬೆಂಕಿ ನಿನ್ನ ಗುಡ್ಡದಲ್ಲೇ ಅಲ್ದನಾ?"

ಮಜ್ಜಿಗೆಯ ಚೊಂಬು ಕೆಳಗಿಟ್ಟೆ. "ಇಲ್ಲೆಂತ ಇಲ್ಲ ಸಾರ್. ಗುಡ್ಡದ ಆಚೆ, ಮೂಡಲ ಕಣಿವೆಯಿಂದ ಬಂದಿದ್ದು. ನಾನೇ ಕಂಡೆ."

"ಸಾರ್ ಅವರ ಉಪಗ್ರಹಕ್ಕೂ ಕಣ್ಣಿಗೆ ಪೊರೆ ಬಂತು ಕಾಣ್ತದೆ," ಎಂದು ಒಬ್ಬ ವಾಚರ ನಕ್ಕ.

"ಆಕಾಶದಲ್ಲಿದ್ದದ್ದಕ್ಕಿಂತ ಪಕ್ಕದಲ್ಲಿದ್ದವನ ಮಾತು ದೊಡ್ಡದು ಮಾರಾಯ," ಎಂದು ಫಾರೆಸ್ಟರು ಚಿತ್ರ ಮಡಿಚಿ ಮೂಡಲ ಕಣಿವೆಗೆ ಇಳಿದರು.

ನಮ್ಮಲ್ಲಿ ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಘಟ್ಟದ ಕೆಳಗಿನಿಂದ ಮೂಡಲಿಗೆ ಬೀಸುತ್ತದೆ. ಅವರು ಹೋದ ಕಣಿವೆಗೇ ನನ್ನ ಬೆಂಕಿ ನುಗ್ಗುತ್ತದೆ ಎಂದು ಹೊಳೆಯುವಾಗ ಗಾಳಿ ತಿರುಗಿಯೇ ಬಿಟ್ಟಿತ್ತು. ಓಡಿಹೋಗಿ ಕೂಗಬಹುದಿತ್ತು. ಕೂಗಿದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಕಂಬ ಹಿಡಿದು ನಿಂತೇ ಇದ್ದೆ. ಬಿದಿರ ಗಂಟುಗಳು ಸಿಡಿಯುವುದು ಕೋವಿಯ ಸದ್ದಿನಂತೆ ಕೇಳುತ್ತಿತ್ತು. ಒಂದೊಂದು ಸದ್ದಿಗೂ ಒಬ್ಬ ಸತ್ತನೆಂದು ಎಣಿಸುತ್ತಿದ್ದೆ.

ಸಂಜೆ ಮೂವರೂ ಹಳ್ಳದ ನೀರಿನಲ್ಲಿ ತೆವಳಿಕೊಂಡು ಬಂದರು. ವಾಚರರು ಚೇತರಿಸಿಕೊಂಡರು. ಫಾರೆಸ್ಟರ ಉಸಿರು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ.

ಎರಡು ವರ್ಷದ ಮೇಲೆ ಕೊಪ್ಪದ ಅವರ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ದಿಂಬಿಗೆ ಒರಗಿ ಕೂತವರು, ನಡುನಡುವೆ ಉಸಿರೆಳೆದು, ತಾವೇ ಕೇಳಿದರು: "ಒಂದು ಹೇಳು ಮಾರಾಯ. ಆ ದಿನ ನಾನು ಓದಿದ್ದು ಸರಿ ಇತ್ತು, ಅಲ್ದನಾ?"

ಪೊಲೀಸು, ಜೈಲು ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. "ಇಲ್ಲ ಸಾರ್," ಎಂದೆ. "ಬೆಂಕಿ ಮೂಡಲಿಂದಲೇ ಸುತ್ತಿ ಬಂದಿದ್ದು."

ಅವರು ದಿಂಬಿನ ಪಕ್ಕದಲ್ಲಿದ್ದ ಚಿತ್ರಗಳ ಕಟ್ಟನ್ನು ಆಚೆಗೆ ಸರಿಸಿದರು. "ಹಂಗಾರೆ ನೀನು ಹೇಳಿದ್ದೇ ಸರಿ. ಆ ಇಬ್ಬರನ್ನ ಬೆಂಕಿಗೆ ಕರ್ಕೊಂಡು ಹೋಗಿದ್ದು ನಂದೇ ತಪ್ಪು ಲೆಕ್ಕ," ಎಂದರು.

ಆ ಮಳೆಗಾಲ ಅವರು ತೀರಿಕೊಂಡರು. ನಾನು ಬಂದುಹೋದ ಸಂಜೆಯೇ ಚಿತ್ರಗಳ ಕಟ್ಟನ್ನೆಲ್ಲ ಬಚ್ಚಲ ಒಲೆಗೆ ಹಾಕಿಸಿದರೆಂದು ಅವರ ಹೆಂಡತಿ ಹೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅವರು ಒಂದನ್ನೂ ತಪ್ಪು ಓದಿರಲಿಲ್ಲ.