ಕಪ್ಪು ಪಟ್ಟಿಯವರ ಪಕ್ಕ ಒಬ್ಬರು

ಅವರ ಮಣಿಕಟ್ಟಿಗೆ ಕಪ್ಪು ಪಟ್ಟಿ ಕಟ್ಟಲು ನನಗೆ ಹನ್ನೊಂದು ಸೆಕೆಂಡು ಹಿಡಿಯಿತು. ಮೊದಲ ಗಂಟು ಜಾರಿತು. ಅವರು ಮಲಗಿಕೊಂಡೇ ಎಲೆಅಡಿಕೆ ಜಗಿಯುತ್ತಿದ್ದರು.

“ಕಪ್ಪು ಅಂದ್ರೆ ಏನಮ್ಮ?” ಎಂದು ಕೇಳಿದರು.

“ನಿಮ್ಮನ್ನ ಉಳಿಸಾಕ ಆಗೂದಿಲ್ರಿ ಅಂತ,” ಎಂದು ಹೇಳಿ ಮುಂದಿನವರ ಕಡೆ ಹೋದೆ.

ಯಶವಂತಪುರದ ಒಂದು ಖಾಲಿ ಈರುಳ್ಳಿ ಗೋದಾಮು, ಭಾನುವಾರ ಮಧ್ಯಾಹ್ನ. ಅವರ ಹೆಸರು ರಂಗಪ್ಪ, ಮೂಟೆ ಹೊರುವ ಹಮಾಲಿ. ಅವರನ್ನೂ ಸೇರಿಸಿ ಇಪ್ಪತ್ತನಾಲ್ಕು ಹಮಾಲರು ಅಂದು ಗಾಯಾಳುಗಳಾಗಿ ನಟಿಸುತ್ತಿದ್ದರು. ಒಬ್ಬೊಬ್ಬರ ಎದೆಯ ಮೇಲೂ ಗಾಯದ ವಿವರ ಬರೆದ ಚೀಟಿ. ನಾನು ಪರೀಕ್ಷೆಗೆ ಕೂತ ವೈದ್ಯೆ.

ಜಮಖಂಡಿಯಿಂದ ಇಲ್ಲಿಗೆ ಬಂದು ವರ್ಷವಾಗುತ್ತ ಬಂತು. ಯುದ್ಧ ಮತ್ತು ವಿಪತ್ತಿನ ಸಂದರ್ಭಗಳ ವೈದ್ಯಕೀಯದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಓದುತ್ತಿದ್ದೇನೆ. ಹೆಬ್ಬಾಳದ ಹತ್ತಿರ ತರಗತಿ. ಊರಿನವರು ಕೇಳುವ ಮೊದಲ ಪ್ರಶ್ನೆ, “ಅದರಾಗೇನು ಕಲಸ್ತಾರ?” ಒಂದು ಶಾಲೆಯಲ್ಲಿ ಸಾವಿರ ಜನ ಆಶ್ರಯ ಪಡೆದರೆ ಶೌಚದ ಗುಂಡಿ ಬಾವಿಯಿಂದ ಎಷ್ಟು ದೂರ ಇರಬೇಕು ಎಂಬುದನ್ನು ಕಲಿಸುತ್ತಾರೆ. ವಿದ್ಯುತ್ ಇಲ್ಲದಾಗ ಲಸಿಕೆಯನ್ನು ತಂಪಾಗಿಡುವುದನ್ನು ಕಲಿಸುತ್ತಾರೆ. ಗಾಯಗೊಂಡ ಶತ್ರುವೂ ರೋಗಿಯೇ ಎಂಬ ಕಾನೂನನ್ನೂ ಕಲಿಸುತ್ತಾರೆ. ಎಲ್ಲಕ್ಕಿಂತ ಮೊದಲು ಟ್ರಯಾಜ್: ಕೈಗಳು ಕಡಿಮೆ, ಗಾಯಾಳುಗಳು ಹೆಚ್ಚು ಇರುವಾಗ ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವುದು. ಈಗಲೇ ನೋಡದಿದ್ದರೆ ಸಾಯುವವರಿಗೆ ಕೆಂಪು ಪಟ್ಟಿ. ಸ್ವಲ್ಪ ಕಾಯಬಲ್ಲವರಿಗೆ ಹಳದಿ. ತಮ್ಮ ಕಾಲ ಮೇಲೆ ನಡೆಯಬಲ್ಲವರಿಗೆ ಹಸಿರು. ಸತ್ತವರಿಗೂ, ಇರುವ ಸೌಲಭ್ಯದಲ್ಲಿ ಉಳಿಸಲಾಗದವರಿಗೂ ಕಪ್ಪು.

ನನ್ನ ಸರದಿ ಮುಗಿದಾಗ ನಮ್ಮ ಗುರುಗಳು ಎಣಿಸತೊಡಗಿದರು. ಅವರು ಸೈನ್ಯದ ವೈದ್ಯರಾಗಿ ನಿವೃತ್ತರಾದವರು. ನಾವು ಕರ್ನಲ್ ಸರ್ ಎನ್ನುತ್ತೇವೆ.

“ಕಪ್ಪು ನಾಲ್ಕು ಅಂತ ಬರ್ದಿದ್ದೀರಿ. ಇಲ್ಲಿ ಮೂರೇ ಇದೆ. ನಿಮ್ಮ ನಾಲ್ಕನೆಯವರು ಎಲ್ಲಿ ಡಾಕ್ಟರ್?”

ನಾಲ್ಕನೆಯವರಾದ ರಂಗಪ್ಪ ಗೋದಾಮಿನ ಬಾಗಿಲಲ್ಲಿ ಟೀ ಕುಡಿಯುತ್ತ ನಿಂತಿದ್ದರು. ಮಣಿಕಟ್ಟಿನಲ್ಲಿ ಹಸಿರು ಪಟ್ಟಿ. ಕಪ್ಪನ್ನು ಬಿಚ್ಚಿ ಎಸೆದು, ಪಕ್ಕದ ಗೆಳೆಯನ ಹಸಿರನ್ನು ಕಟ್ಟಿಕೊಂಡಿದ್ದರು.

“ಸತ್ತೋನು ಟೀ ಕುಡೀತವ್ನೆ ನೋಡ್ರೋ!” ಎಂದು ಯಾರೋ ಕೂಗಿದರು. ಗೋದಾಮೆಲ್ಲ ನಕ್ಕಿತು.

ನಾನು ಫೇಲ್. ಉಳಿದ ಎಂಟು ಸಹಪಾಠಿಗಳು ಪಾಸ್. ಅವರನ್ನೂ ಹಮಾಲರು ಅದೇ ಪ್ರಶ್ನೆ ಕೇಳಿದ್ದರಂತೆ. “ಸುಮ್ನೆ ಒಂದ್ ಕಲರ್ ಅಷ್ಟೆ ಅಂದೆ ಕಣೆ. ನೀನ್ಯಾಕೆ ನಿಜ ಹೇಳಕ್ ಹೋದೆ?” ಎಂದಳು ನನ್ನ ಗೆಳತಿ.

ಕರ್ನಲ್ ಸರ್ ಬಳಿ ಹೋಗಿ ಕೇಳಿದೆ. “ನಿಜ ಹೇಳಿದ್ದು ತಪ್ಪೇನ್ರಿ ಸರ್?”

“ಅಲ್ಲ. ಆದ್ರೆ ನೀವು ಕಟ್ಟಿದ ಪಟ್ಟಿ ಕೈಯಲ್ಲಿ ಉಳೀಬೇಕು. ಒಂದು ವಾರ ಟೈಮ್ ಕೊಡ್ತೀನಿ. ಕೊನೇ ಅವಕಾಶ.”

ಕೊನೆಯ ಅವಕಾಶ ಎನ್ನುವುದಕ್ಕೆ ನನ್ನ ಮಟ್ಟಿಗೆ ಇನ್ನೊಂದು ಅರ್ಥವಿತ್ತು. ಅಪ್ಪನಿಗೆ ಜಮಖಂಡಿಯಲ್ಲಿ ಔಷಧದ ಅಂಗಡಿ. ಪಕ್ಕದ ಕೋಣೆಯನ್ನು ನನ್ನ ದವಾಖಾನೆಗೆಂದು ಸುಣ್ಣ ಬಳಿಸಿ, ಬೋರ್ಡನ್ನೂ ಬರೆಸಿಟ್ಟಿದ್ದಾರೆ. ನನ್ನ ಹೆಸರು, ಎಂಬಿಬಿಎಸ್, ಆಮೇಲೆ ‘ಎಂಡಿ’ ಹಿಡಿಯುವಷ್ಟು ಖಾಲಿ ಜಾಗ. “ಒಂದು ವರ್ಷ ನಿನ್ನ ಮನಸಿನಂಗ ಓದು. ಫೇಲ್ ಆದ್ರ ಸುಮ್ಮನ ಬಂದು ಎಂಡಿ ಸೀಟಿಗೆ ಕೋಚಿಂಗ್ ಸೇರಬೇಕು,” ಎಂಬ ಕರಾರಿನ ಮೇಲೆ ಕಳಿಸಿದ್ದರು. ನಾನು ಒಪ್ಪಿದ್ದೆ. ಅಲ್ಲಿ ಬೋರ್ಡಿದೆ, ನಾನಿಲ್ಲ. ಇಲ್ಲಿ ನಾನಿದ್ದೇನೆ, ನನ್ನ ಹೆಸರು ಎಲ್ಲೂ ಇಲ್ಲ.

ಹೆಸರಿಲ್ಲ ಎಂದದ್ದು ಉತ್ಪ್ರೇಕ್ಷೆಯಲ್ಲ. ನಾನು ಬಾಡಿಗೆಗಿರುವುದು ಹುಣಸಮಾರನಹಳ್ಳಿಯಲ್ಲಿ, ಮೂರನೇ ಮಹಡಿಯ ಒಂದು ಕೋಣೆಯಲ್ಲಿ. ಮನೆಯೊಡತಿ ನಾರಾಯಣಮ್ಮ. ಈ ಕಟ್ಟಡವಿರುವ ಜಾಗದಲ್ಲಿ ಹಿಂದೆ ಅವರ ದ್ರಾಕ್ಷಿ ಚಪ್ಪರವಿತ್ತಂತೆ. ಮೊದಲ ದಿನವೇ ನಿಯಮ ಹೇಳಿದರು: “ಬಾಡಿಗೆಯೋರು ಗೇಟ್ ಮೇಲೆ ಎಸ್ರು ಆಕಂಗಿಲ್ಲ.” ಮರುಕ್ಷಣ, “ಯಾವ್ ಡಾಕ್ಟ್ರಮ್ಮ ನೀನು? ಕಣ್ಣಾ? ಅಲ್ಲಾ?” ಎಂದರು. ಕಣ್ಣೂ ಅಲ್ಲ, ಹಲ್ಲೂ ಅಲ್ಲ, ಯುದ್ಧ, ಪ್ರವಾಹ, ಭೂಕಂಪ ಎಂದು ವಿವರಿಸಿದೆ. ತಲೆಯ ಮೇಲೆ ಹಾದುಹೋದ ವಿಮಾನವೊಂದನ್ನು ನೋಡಿ, “ಅಂಗಾದ್ರೆ ಇಲ್ಲಿ ನಿಂಗೆ ಕೆಲ್ಸ ಇಲ್ಲ ಬುಡು,” ಎಂದರು.

ಜಮಖಂಡಿಯಲ್ಲಿ ವಿಳಾಸ ಕೇಳಿದರೆ ಮನೆತನದ ಹೆಸರು ಹೇಳುತ್ತೇವೆ. ಇಲ್ಲಿ ಸೈಟ್ ನಂಬರ್ ಹೇಳಬೇಕು. ಜೋಳದ ರೊಟ್ಟಿಗೆ ಒಗ್ಗಿದ ಕೈಗೆ ರಾಗಿಮುದ್ದೆ ಮುರಿಯಲು ಎರಡು ತಿಂಗಳು ಬೇಕಾಯಿತು. ಈಗ ನಾರಾಯಣಮ್ಮನ ಬಸ್ಸಾರು, ಎಂದರೆ ಸೊಪ್ಪು ಬೇಳೆ ಬೆಂದ ನೀರನ್ನು ಬಸಿದು ಮಾಡುವ ಸಾರು, ವಾರಕ್ಕೊಮ್ಮೆ ಸಿಗದಿದ್ದರೆ ಏನೋ ಕಳೆದಂತಿರುತ್ತದೆ. ಮಾತನ್ನು ಮಾತ್ರ ಬದಲಿಸಿಕೊಂಡಿಲ್ಲ. ಆಟೋದವರು ನಕ್ಕರೂ “ಎಷ್ಟ್ ತಗೋತೀರಿ?” ಎಂದು ನಮ್ಮ ರಾಗದಲ್ಲೇ ಕೇಳುತ್ತೇನೆ.

ಈ ಓದನ್ನು ಯಾಕೆ ಹಿಡಿದೆ ಎಂದು ಅಪ್ಪನಿಗೂ ಪೂರ್ತಿ ಹೇಳಿಲ್ಲ. ನದಿದಂಡೆಯ ಆರೋಗ್ಯ ಕೇಂದ್ರದಲ್ಲಿ ನಾನಿದ್ದಾಗ ಒಂದು ಮಳೆಗಾಲ ಹೊಳೆ ಊರೊಳಗೆ ಬಂತು. ಶಾಲೆಯಲ್ಲಿ ಸಾಲು ನಿಲ್ಲಿಸಿ, ಬಂದವರನ್ನು ಬಂದ ಕ್ರಮದಲ್ಲಿ ನೋಡಿದೆ. ಅದೇ ನ್ಯಾಯ ಎಂದುಕೊಂಡಿದ್ದೆ. ಸಾಲಿನ ಕೊನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಒಬ್ಬ ಹೆಂಗಸು ಒಮ್ಮೆಯೂ ಕೂಗಲಿಲ್ಲ. ನಾನು ಅವರ ಬಳಿ ತಲುಪಿದಾಗ ಮೈ ತಣ್ಣಗಾಗಿತ್ತು. ಅವರು ಹೋದದ್ದು ಅಕ್ಕಪಕ್ಕದವರಿಗೂ ತಿಳಿದಿರಲಿಲ್ಲ. ಎಂಡಿ ಓದಿದ್ದರೂ ನನಗೆ ಆ ಸಾಲನ್ನು ನಡೆಸಲು ಬರುತ್ತಿರಲಿಲ್ಲ. ಇದರಲ್ಲಿ ನನಗೆ ಸಂದೇಹವಿಲ್ಲ.

ಮರುಪರೀಕ್ಷೆಗೆ ನಾಲ್ಕು ದಿನ ಉಳಿದಿರುವಾಗ ಯಶವಂತಪುರಕ್ಕೆ ಹೋಗಿ ರಂಗಪ್ಪನವರನ್ನು ಹುಡುಕಿದೆ. ಮೂಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದವರು ನನ್ನನ್ನು ಕಂಡು ಎದ್ದರು.

“ಅಯ್ಯೋ, ನನ್ನಿಂದ ನಿಮ್ಗೆ ಫೇಲ್ ಆಯ್ತಂತೆ? ತಪ್ಪಾಯ್ತು ತಾಯಿ. ಮಾರನೇ ದಿನ ನನ್ ಮಗಳ ಸೀಮಂತ ಇತ್ತು. ಕೈಗೆ ಸಾವು ಕಟ್ಕೊಂಡು ಮನೆಗೆ ಓಗಕಾಯ್ತದಾ?”

“ನಾ ಸುಳ್ಳು ಹೇಳಿದ್ರ ಬಿಚ್ಚತಿರ್ಲಿಲ್ಲೇನ್ರಿ?”

ಅವರು ಬೀಡಿ ಆರಿಸಿದರು. “ನಿಜ ಏಳಿದ್ದು ತೊಂದ್ರೆ ಇಲ್ಲ ಕಣಮ್ಮ. ಕಟ್ಬುಟ್ಟು ಎದ್ದೋದ್ರಿ ನೋಡಿ, ಅದು. ಆಮೇಲೆ ಒಬ್ರೂ ನನ್ ಮಕ ನೋಡ್ಲಿಲ್ಲ. ಸಾಯೋನ ಪಕ್ಕ ಒಬ್ರಾದ್ರೂ ಕೂತ್ಕಬೇಕಲ್ವಾ?”

ಗೋಡೆಗೆ ಒರಗಿದ್ದ ಆ ಹೆಂಗಸಿನ ವಿಷಯ ಇವರಿಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಅದೇ ಗೋದಾಮು. ಚೀಟಿಗಳನ್ನು ಹಂಚಿದವರು ಬೇಕೆಂದೇ ರಂಗಪ್ಪನವರಿಗೆ ಮತ್ತೆ ಕಪ್ಪಿನ ಗಾಯ ಕೊಟ್ಟಿದ್ದರು: ತಲೆಗೆ ಮಾರಕ ಪೆಟ್ಟು, ಉಸಿರು ಕ್ಷೀಣ. ಪಟ್ಟಿ ಕಟ್ಟಿ, ಕೇಳುವ ಮೊದಲೇ ಅರ್ಥ ಹೇಳಿದೆ. ಆಮೇಲೆ ಹಸಿರು ಪಟ್ಟಿಯ ಒಬ್ಬರನ್ನು ಕರೆದೆ. “ಇವರ ಬಾಜೂ ಕೂಡ್ರಿ. ಕೈ ಹಿಡೀರಿ. ಉಸಿರಾಟ ಬದಲಾದ್ರ ನನ್ನ ಕೂಗ್ರಿ.” ಕಪ್ಪು ಪಟ್ಟಿಯ ನಾಲ್ವರಿಗೂ ಹಾಗೇ ಮಾಡಿದೆ.

“ಗಟ್ಟಿಯಾಗ್ ಇಡ್ಕಳ್ಳೋ, ಸಾಯ್ತಾ ಇರೋನು ನಾನು,” ಎಂದು ರಂಗಪ್ಪ ಗೆಳೆಯನನ್ನು ಗದರಿದ್ದು ಹಿಂದಿನಿಂದ ಕೇಳಿಸಿತು. ಆದರೆ ಪಟ್ಟಿ ಕೈಯಲ್ಲೇ ಇತ್ತು.

ಕರ್ನಲ್ ಸರ್ ಎಣಿಸಿದರು. ನಾಲ್ಕಕ್ಕೆ ನಾಲ್ಕು. ಗಡಿಯಾರ ನೋಡಿದರು.

“ನಲವತ್ತು ಸೆಕೆಂಡು ಹೆಚ್ಚು. ಪಕ್ಕ ಕೂರ್ಸೋದನ್ನ ನಾನು ಹೇಳ್ಕೊಟ್ಟಿಲ್ಲ.”

“ಇಲ್ರಿ ಸರ್. ರಂಗಪ್ಪನವರು ಹೇಳಿಕೊಟ್ರು.”

“ನಿಜವಾದ ಅನಾಹುತದಲ್ಲೂ ಈ ನಲವತ್ತು ಸೆಕೆಂಡು ಕೊಡ್ತೀರಾ?”

“ಕೊಡ್ತೀನ್ರಿ.”

ಅವರು ಪೆನ್ನು ತೆಗೆದರು. ಹಾಳೆಯ ಮೇಲೆ ‘ಉತ್ತೀರ್ಣ’ ಎಂದು ಬರೆದು, ಕೆಳಗೆ ‘ನಲವತ್ತು ಸೆಕೆಂಡು ತಡ’ ಎಂದೂ ಬರೆದರು. ಎರಡಕ್ಕೂ ಸಹಿ ಹಾಕಿದರು.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಪಾಸಾದೆ, ಇನ್ನು ಉಳಿದಿರುವುದು ಎರಡು ತಿಂಗಳ ಕ್ಷೇತ್ರಕಾರ್ಯ, ಎಲ್ಲಿಗೆ ಕಳಿಸುತ್ತಾರೋ ಗೊತ್ತಿಲ್ಲ ಎಂದೆ.

“ಹಂಗಾದ್ರ ಬೋರ್ಡಿನ ಮ್ಯಾಲ ಏನಂತ ಬರಸ್ಲಿ?”

ಡಿಪ್ಲೊಮಾದ ಪೂರ್ತಿ ಹೆಸರು ಹೇಳಿದೆ.

“ಅಷ್ಟುದ್ದ ಹೆಂಗ ಹಿಡಸ್ತೈತವ್ವಾ? ಎರಡಕ್ಷರದ ಜಾಗ ಐತಿ.”

“ಅಕ್ಷರ ಸಣ್ಣ ಮಾಡ್ಸಬ್ಯಾಡ್ರಿ ಅಪ್ಪಾ. ಬೋರ್ಡ್ ದೊಡ್ಡದು ಮಾಡ್ಸ್ರಿ.”

ಮರುದಿನ ಬೆಳಿಗ್ಗೆ ಒಂದು ರಟ್ಟಿನ ಮೇಲೆ ನನ್ನ ಹೆಸರನ್ನೂ ಎರಡೂ ಪದವಿಗಳನ್ನೂ ದಪ್ಪಕ್ಷರದಲ್ಲಿ ಬರೆದೆ. ಪೇಂಟರ್‌ಗೆ ತೋರಿಸಲೆಂದು ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಆಮೇಲೆ ಆ ರಟ್ಟನ್ನು ಕೆಳಗೆ ಒಯ್ದು, ಚೀಲದಲ್ಲಿ ಉಳಿದಿದ್ದ ಹಸಿರು ಪಟ್ಟಿಯಿಂದ ಗೇಟಿಗೆ ಕಟ್ಟಿದೆ. ರಂಗೋಲಿ ಬಿಡುತ್ತಿದ್ದ ನಾರಾಯಣಮ್ಮ ತಲೆ ಎತ್ತಿ, “ಎಸ್ರು ಆಕಂಗಿಲ್ಲ ಅಂದಿದ್ನಲ್ಲ,” ಎಂದರು. ಅಂದಿದ್ರಿ, ಎಂದೆ. ಗಂಟನ್ನು ಇನ್ನೊಮ್ಮೆ ಎಳೆದು ಬಿಗಿಮಾಡಿ, ಹೆಬ್ಬಾಳದ ಬಸ್ಸಿಗೆ ನಡೆದೆ.