ಅಕ್ಕನ ಅಕ್ಷರ, ತಮ್ಮನ ಯಂತ್ರ

ಯಂತ್ರಗಳನ್ನು ಬೈಯುವವರ ಸಾಲಿನಲ್ಲಿ ನಾನಿಲ್ಲ. ಯಂತ್ರಕ್ಕೆ ಅಕ್ಕನಿಲ್ಲ, ತಮ್ಮನಿಲ್ಲ, ಹೊಟ್ಟೆಕಿಚ್ಚಿಲ್ಲ. ಹೇಳಿದ್ದನ್ನು ಕತ್ತರಿಸುತ್ತದೆ, ಸ್ವಿಚ್ಚು ಆರಿಸಿದರೆ ಸುಮ್ಮನಾಗುತ್ತದೆ. ಏನನ್ನು ಕತ್ತರಿಸಬೇಕೆಂದು ಅದಕ್ಕೆ ಹೇಳಿದವರು ಯಾರು ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಕೇಳಲು ನಮಗೆ ಸಂಕೋಚ. ಉತ್ತರ ಸಾಮಾನ್ಯವಾಗಿ ನಮ್ಮ ಮನೆಯೊಳಗೇ ಚಹಾ ಕುಡಿಯುತ್ತ ಕೂತಿರುತ್ತದೆ.

ನಮ್ಮ ಬೀದಿಯಲ್ಲಿ ಬೋರ್ಡು ಬರೆಯುವ ಹೆಂಗಸೊಬ್ಬಳಿದ್ದಾಳೆ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಅಕ್ಷರದಕ್ಕ ಎಂದೇ ಕರೆಯುತ್ತಾರೆ. ಅಂಗಡಿ ಅಪ್ಪನದು. ಅವನು ತೀರಿಕೊಂಡಾಗ ತಮ್ಮ ಇನ್ನೂ ಶಾಲೆಯ ಚೀಲ ಹೊರುತ್ತಿದ್ದ. ಇವಳು ಕುಂಚ ಹಿಡಿದಳು. ಮದುವೆಯ ಮಾತು ಬಂದಾಗಲೆಲ್ಲ ತಮ್ಮನಿಗೆ ಯಾವುದೋ ಪರೀಕ್ಷೆ ಇರುತ್ತಿತ್ತು. ಅವನ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಇವಳ ಮದುವೆಯ ಮಾತು ಮುಗಿದಿತ್ತು.

ಪಾಪದ ಹೆಂಗಸು ಎಂದುಕೊಳ್ಳಬೇಡಿ. ಬಾಯಿ ಜೋರು. ಏಣಿಯ ಮೇಲೆ ನಿಂತು, ಹಲ್ಲಿನಲ್ಲಿ ಒಂದು ಕುಂಚ ಕಚ್ಚಿಕೊಂಡು, ಇನ್ನೊಂದರಲ್ಲಿ ಬರೆಯುತ್ತ, ಕೆಳಗೆ ನಿಂತ ಗಿರಾಕಿಯ ಜನ್ಮ ಜಾಲಾಡುತ್ತಿದ್ದಳು. ತನ್ನ ಅಕ್ಷರದ ಬಗ್ಗೆ ಅವಳಿಗಿದ್ದ ಜಂಬ ಬೀದಿಗೆಲ್ಲ ಗೊತ್ತು. "ನನ್ನ 'ಕ' ನೋಡಿ, ಊಟ ಮಾಡಿ ಎದ್ದು ನಿಂತ ಹಾಗಿದೆ. ಬೇರೆಯವ್ರದ್ದು ಉಪವಾಸ ಬಿದ್ದಿರುತ್ತೆ," ಎನ್ನುತ್ತಿದ್ದಳು. ಹೊಗಳಿದರೆ ಮಾತ್ರ ಬೆಣ್ಣೆಯಂತೆ ಕರಗುತ್ತಿದ್ದಳು. ಇದು ಬೀದಿಗೂ ಗೊತ್ತಿತ್ತು, ತಮ್ಮನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಆಳೆತ್ತರದ ರಟ್ಟಿನ ಪೆಟ್ಟಿಗೆ ಇಳಿಯಿತು. ಬಣ್ಣದ ಅಂಟುಹಾಳೆಯನ್ನು ಅಕ್ಷರದ ಆಕಾರಕ್ಕೆ ಕತ್ತರಿಸುವ ಯಂತ್ರ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದರೆ ಸಾಕು, ಬ್ಲೇಡು ತಾನೇ ಓಡಾಡಿ ಕತ್ತರಿಸುತ್ತದೆ. ಬೇಡದ ಭಾಗ ಕಿತ್ತೆಸೆದು, ಉಳಿದದ್ದನ್ನು ಗಾಜಿನ ಮೇಲೋ ತಗಡಿನ ಮೇಲೋ ಅಂಟಿಸುವುದು.

"ಅಕ್ಕ, ಇದು ನಿನಗೆ. ಏಣಿ ಹತ್ತಿದ್ದು ಸಾಕು," ಎಂದ ತಮ್ಮ.

"ಏಣಿ ಮೇಲೆ ನಂಗೇನೂ ತೊಂದ್ರೆ ಇಲ್ಲ. ಕೆಳಗೆ ನಿಂತು ಸಲಹೆ ಕೊಡೋರದ್ದೇ ತೊಂದ್ರೆ."

"ನೀನಿಲ್ದೆ ಇದು ಬರೀ ಕಬ್ಬಿಣ, ಅಕ್ಕ. ನಡೆಸೋಳು ನೀನೇ."

ಅಷ್ಟು ಸಾಕಾಯಿತು. ಸೆರಗು ಸಿಕ್ಕಿಸಿಕೊಂಡು ಅವಳೇ ಪೆಟ್ಟಿಗೆ ಬಿಚ್ಚಿದಳು. ತಮ್ಮ ಕುರ್ಚಿಯಲ್ಲಿ ಕೂತು ಪುಸ್ತಿಕೆಯ ಚಿತ್ರ ನೋಡಿ ಹೇಳುವುದು, ಅಕ್ಕ ನೆಲದಲ್ಲಿ ಕೂತು ತಿರುಪು ಬಿಗಿಯುವುದು. ಸ್ಟ್ಯಾಂಡಿನ ಒಂದು ಕಾಲು ತಿರುಗುಮುರುಗಾಗಿ ಕೂತು, ಯಂತ್ರ ಕುಡಿದವನಂತೆ ಒಂದು ಕಡೆ ವಾಲಿತು. ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ, "ನಿಮ್ಮ ಮನೆಯೋರಿಗೆ ಕಾಲಿನ ವಿಷ್ಯ ಯಾವತ್ತೂ ಸರಿಯಾಗಿ ಗೊತ್ತಾಗಲ್ಲ. ಎಳೆಯೋದಷ್ಟೇ ಗೊತ್ತು," ಎಂದಳು. ಅಕ್ಕನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಹಾಳೆಯ ಸುರುಳಿ ಹಿಂದಿನ ಕೋಲಿಗೆ ಹೋಯಿತು. ಅಂಚನ್ನು ಎಳೆದು ತಂದು, ಎರಡು ಬದಿಯ ರಬ್ಬರ್ ಗಾಲಿಗಳ ಕೆಳಗೆ ನೆಟ್ಟಗೆ ಸಿಕ್ಕಿಸಬೇಕು. ಒಂದು ಕೂದಲೆಳೆ ಓರೆಯಾದರೂ ಹಾಳೆ ಹೋಗುತ್ತ ಹೋಗುತ್ತ ಒಂದು ಬದಿಗೆ ಸರಿದು ಮುದುಡುತ್ತದೆ. ಗೋಡೆಯ ಮೇಲೆ ದಾರ ಹಿಡಿದು ಗೆರೆ ಹೊಡೆದ ಕಣ್ಣು ಅವಳದು, ಅದು ಸಲೀಸಾಯಿತು. ಕಷ್ಟವಾದದ್ದು ಬ್ಲೇಡು. ಅಂಟುಹಾಳೆಯ ಬೆನ್ನಿಗೆ ಒಂದು ಕಾಗದವಿರುತ್ತದೆ. ಮೇಲಿನ ಬಣ್ಣದ ಪದರ ಪೂರ್ತಿ ಸೀಳಬೇಕು, ಬೆನ್ನಿನ ಕಾಗದಕ್ಕೆ ಸುದ್ದಿಯೂ ಮುಟ್ಟಬಾರದು. ಬ್ಲೇಡನ್ನು ಎಷ್ಟು ಹೊರಚಾಚಬೇಕು, ಎಷ್ಟು ಒತ್ತಬೇಕು ಎಂಬುದು ತುಂಡುಹಾಳೆಯಲ್ಲಿ ಕತ್ತರಿಸಿ ನೋಡಿಯೇ ಗೊತ್ತಾಗಬೇಕು.

ಮೊದಲು ಒಂದು ಚೌಕ, ಅದರೊಳಗೆ ಒಂದು ಸೊನ್ನೆ. ಬ್ಲೇಡು ಕಾಗದವನ್ನೂ ಸೀಳಿಕೊಂಡು ಹೋಯಿತು. ಸೊನ್ನೆ ಬಿಲ್ಲೆಯಂತೆ ನೆಲಕ್ಕೆ ಬಿತ್ತು. ಒತ್ತಡ ಇಳಿಸಿದಳು. ಈ ಸಲ ಗೀರು ಮಾತ್ರ. ಕೀಳಹೋದರೆ ಹಾಳೆ ಹಿಗ್ಗಿ ಹರಿಯಿತು. ಮತ್ತೆ ಏರಿಸಿದಳು. ಸೀಳು ಸರಿಯಾಯಿತು, ಆದರೆ ಸೊನ್ನೆಯ ಗೆರೆ ಶುರುವಾದ ಜಾಗಕ್ಕೆ ಬಂದು ಕೂಡಿಕೊಳ್ಳಲಿಲ್ಲ. "ಮನೆ ದಾರಿ ಮರೆತವನ ಹಾಗೆ ಪಕ್ಕದ ಮನೆಗೆ ಹೋಗ್ತಿದೆ ನೋಡೋ," ಎಂದಳು. ತಮ್ಮ ಪುಸ್ತಿಕೆ ತಿರುವಿ, ಅದು ಸರಿಹೋಗಲು ಯಂತ್ರದಲ್ಲಿ ಒತ್ತಬೇಕಾದ ಅಂಕಿ ಹುಡುಕಿ ಕೊಟ್ಟ. ಕೊನೆಗೆ ಚೌಕದ ಹಾಳೆ ಎತ್ತಿದಾಗ ಸೊನ್ನೆ ಕದಲದೆ ಕಾಗದದ ಮೇಲೆ ಉಳಿಯಿತು. ಕಾಗದ ತಿರುಗಿಸಿ ಬೆಳಕಿಗೆ ಹಿಡಿದಳು. ಗಾಯವಿಲ್ಲ.

ಬೆನ್ನಿಗೆ ತಿಳಿಯದಂತೆ ಸೀಳುವ ಈ ವಿದ್ಯೆಯನ್ನು ಯಂತ್ರಕ್ಕೆ ಇಷ್ಟು ಪಾಡುಪಟ್ಟು ಕಲಿಸಬೇಕಾಯಿತು. ತಮ್ಮನಿಗೆ ಯಾರೂ ಕಲಿಸಿರಲಿಲ್ಲ.

"ಇನ್ನು ಅಕ್ಷರ ಕತ್ತರಿಸೋಣ. ಕಂಪ್ಯೂಟರಿನಲ್ಲಿ ಇರೋ ಅಕ್ಷರ ಎಲ್ಲ ಅಂಗಡಿಲೂ ಇದೆ. ನಮ್ಮಲ್ಲಿ ನಿನ್ನ ಅಕ್ಷರವೇ ಇರಬೇಕು ಅಕ್ಕ, ಬೇರೆಯವರಿಗೆ ಅದೆಲ್ಲಿ ಸಿಗಬೇಕು," ಎಂದ ತಮ್ಮ.

ಅವಳಿಗೆ ಬೇರೇನೂ ಬೇಕಿರಲಿಲ್ಲ. ಸ್ವರದಿಂದ ಹಿಡಿದು ಕೊನೆಯ ಒತ್ತಿನವರೆಗೆ ತೆಳುಕಾಗದದ ಮೇಲೆ ಬರೆದುಕೊಟ್ಟಳು. ಬರೆದದ್ದು ಗೋಡೆಯ ಮೇಲೆ ಬರೆಯುವ ಕ್ರಮದಲ್ಲೇ: ಮೊದಲು ಒಡಲು, ಆಮೇಲೆ ಅದರ ಮೇಲೆ ತಲೆಕಟ್ಟು, ಪಕ್ಕಕ್ಕೆ ಕೊಂಬು, ಕೆಳಗೆ ಒತ್ತು. ಒಂದರ ಮೇಲೊಂದು ಬಣ್ಣ ಬಿದ್ದರೆ ಗೋಡೆಯ ಮೇಲೆ ಎಲ್ಲ ಸೇರಿ ಒಂದೇ ಅಕ್ಷರವಾಗುತ್ತದಲ್ಲ, ಹಾಗೆ. ಒಂದೊಂದು ಭಾಗದ ಸುತ್ತಲೂ ಬೇರೆಬೇರೆ ಗೆರೆ ಎಳೆದಿದ್ದಳು. ತಮ್ಮ ಅವನ್ನೆಲ್ಲ ಹಾಗೆಯೇ ಕಂಪ್ಯೂಟರಿಗೆ ಇಳಿಸಿದ. ಪರೀಕ್ಷೆಗೆ ಎಂದು ಅವನು ಆರಿಸಿಕೊಂಡ ಪದ 'ಅಕ್ಕ'. ಅವಳ ಮುಖ ನೋಡಬೇಕಿತ್ತು.

ಬ್ಲೇಡು ಓಡಿತು. ಅವಳು ಚಿಮಟದಿಂದ ಸುತ್ತಲಿನ ಹಾಳೆ ಎತ್ತಿದಳು. ಎತ್ತಿದಂತೆ ಅಕ್ಷರವೂ ಎದ್ದು ಬಂತು, ತುಂಡುತುಂಡಾಗಿ. ತಲೆಕಟ್ಟು ಬೇರೆ, ಒಡಲು ಬೇರೆ. ಗೆರೆಗಳು ಒಂದರ ಮೇಲೊಂದು ಹಾದುಹೋದ ಕಡೆಯೆಲ್ಲ ಬ್ಲೇಡು ನಡುವೆಯೇ ಕೊಯ್ದಿತ್ತು. ಒತ್ತು ಅವಳ ಹೆಬ್ಬೆರಳಿಗೆ ಅಂಟಿಕೊಂಡಿತು.

ತಮ್ಮನ ಹೆಂಡತಿ ಬಗ್ಗಿ ನೋಡಿದಳು. "ಅಯ್ಯೋ, ಅಕ್ಕ ಉದುರಿಹೋದ್ರಲ್ಲ."

ಈ ಸಲವೂ ಅಕ್ಕ ನಕ್ಕಳು. ಸ್ವಲ್ಪ ತಡವಾಗಿ.

ಕಂಪ್ಯೂಟರಿನಲ್ಲೇ ತುಂಡುಗಳನ್ನು ಬೆಸೆಯುವ ದಾರಿಯಿದೆ. ತಮ್ಮನಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡವಾಗಿತ್ತೋ. "ನೀನೇ ಇಡೀ ಅಕ್ಷರ ಒಂದೇ ಗೆರೆಯಲ್ಲಿ ಸುತ್ತಿ ಬರೆದುಬಿಡು ಅಕ್ಕ, ನಿನಗೇನು ಮಹಾ," ಎಂದ. ಅವಳು ಬರೆದಳು. ಬಿಡಿ ಅಕ್ಷರ ಮಾತ್ರವಲ್ಲ, ಕಾಗುಣಿತ ಪೂರ್ತಿ, ಯಾವ ಅಕ್ಷರಕ್ಕೆ ಯಾವ ಒತ್ತು ಹೇಗೆ ನೇತುಬೀಳಬೇಕು ಎಂಬುದೆಲ್ಲ. ಬೋರ್ಡಿನ ಕೆಲಸ ಬಂದರೆ "ಆಮೇಲೆ ಬನ್ನಿ" ಎಂದು ಕಳಿಸಿದಳು. ಕತ್ತು ಸೆಟೆದುಕೊಂಡರೂ ಬಿಡಲಿಲ್ಲ. ಇಷ್ಟು ವರ್ಷ ಕೈ ತಾನಾಗಿ ಮಾಡುತ್ತಿದ್ದದ್ದನ್ನು ಈಗ ಬಾಯಿಬಿಟ್ಟು ಹೇಳಬೇಕಾಗಿತ್ತು: ಇಲ್ಲಿ ದಪ್ಪ, ಇಲ್ಲಿ ಸಣ್ಣ, ಇಲ್ಲಿ ಉಸಿರು ಬಿಡು. ತಮ್ಮ ಪಕ್ಕದಲ್ಲಿ ಕೂತು ಎಲ್ಲ ಕೇಳಿದ. ಅಕ್ಕನ ಮಾತನ್ನು ಅವನು ಹುಟ್ಟಿದಾಗಿನಿಂದ ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

ಇಡೀ ವರ್ಣಮಾಲೆಯನ್ನು ಕರಿ ಹಾಳೆಯಲ್ಲಿ ಕತ್ತರಿಸಿ, ಅವಳೇ ಸುಲಿದು ನೋಡಿದ ದಿನ ಒಂದು ಚುಕ್ಕೆಯೂ ಉದುರಲಿಲ್ಲ. ತಮ್ಮ ಅದನ್ನು ಬಿಳಿ ತಗಡಿಗೆ ಅಂಟಿಸಿ ಅಂಗಡಿಯ ಕಟ್ಟೆಯ ಮೇಲೆ ನಿಲ್ಲಿಸಿದ. ಗಿರಾಕಿಗಳಿಗೆ, "ನಮ್ಮ ಅಂಗಡಿಯ ಹೊಸ ಸ್ಟೈಲು, ನೋಡಿ," ಎಂದ.

ಆ ವಾರವೇ ಒಂದು ಬೆಳಿಗ್ಗೆ ಅಕ್ಕ ಬಂದಾಗ ಕಿಟಕಿಯ ಬಳಿ ಅವಳ ಮೇಜಿರಲಿಲ್ಲ. ಅಲ್ಲಿ ಬಣ್ಣದ ಸುರುಳಿಗಳ ಕಬ್ಬಿಣದ ಚೌಕಟ್ಟು ನಿಂತಿತ್ತು. ಯಂತ್ರದ ಮುಂದೆ ತಮ್ಮನ ಹೆಂಡತಿ ಕೂತಿದ್ದಳು.

"ನನ್ನ ಮೇಜು?"

"ಹಿತ್ತಲಲ್ಲಿಟ್ಟಿದೀನಿ, ಬಣ್ಣದ ವಾಸನೆ ಹೊಡೆಯುತ್ತೆ," ಎಂದ ತಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳೂ ಬೈದು ಹಗುರಾಗುತ್ತಿದ್ದಳು. "ಇಷ್ಟು ವರ್ಷ ದುಡಿದೆ ಅಕ್ಕ, ಇನ್ನು ಆರಾಮಾಗಿರು."

"ಮಿಷಿನ್ನು ನಾನೇ ನಡೆಸೋದು ಅಂತ ನೀನೇ ಅಂದಿದ್ದೆ."

"ನಡೆಸಿದ್ಯಲ್ಲ. ಈಗ ಅದೇ ನಡೆಯುತ್ತೆ."

"ಒಂದು ಮೂಲೆಯಲ್ಲಿ ಕೂತಿರ್ತೀನಿ. ಸುಲಿಯೋ ಕೆಲಸವಾದ್ರೂ ಮಾಡ್ತೀನಿ."

ಜೋರುಬಾಯಿಯ ಹೆಂಗಸು ಇಷ್ಟಕ್ಕೆ ಇಳಿದಿದ್ದಳು. ತಮ್ಮ ಹೆಂಡತಿಯ ಮುಖ ನೋಡಿದ. ಅವಳು ಯಂತ್ರದಿಂದ ಕಣ್ಣೆತ್ತದೆ, "ನಿಜ ಹೇಳಿಬಿಡಿ, ಯಾಕೆ ಸುತ್ತಿ ಬಳಸಿ," ಎಂದಳು.

ತಮ್ಮ ನಿಜ ಹೇಳಿದ. "ನೀನಿಲ್ಲಿ ಕೂತಿದ್ರೆ ಗಿರಾಕಿಗಳು ಕೈಯಲ್ಲೇ ಬರೆದುಕೊಡಿ ಅಂತಾರೆ. ಇದು ನಿನ್ನ ಅಕ್ಷರ ಅಂತ ಒಬ್ಬರಿಗೊಬ್ಬರು ಹೇಳ್ಕೋತಾರೆ. ವ್ಯಾಪಾರಕ್ಕೆ ಒಳ್ಳೇದಲ್ಲ."

ಹಿತ್ತಲಿಂದ ಕುಂಚಗಳನ್ನೂ ಏಣಿಯನ್ನೂ ಎತ್ತಿಕೊಂಡು ಅವಳು ಮನೆಗೆ ಹೋದಳು. ಅವಳಿಗೆ ಉಳಿದದ್ದು ಕೈ ಒಂದೇ. ಅದಿದ್ದರೆ ಎಲ್ಲಿ ಬೇಕಾದರೂ ಬರೆಯಬಹುದು ಎಂದುಕೊಂಡಳು. ಯಾರೂ ಬರಲಿಲ್ಲ. ಅಕ್ಕ ಎಲ್ಲಿ ಎಂದು ಕೇಳಿದವರಿಗೆ ತಮ್ಮ, "ಪಾಪ, ಕೈ ನಡುಗುತ್ತೆ ಈಗ," ಎನ್ನುತ್ತಿದ್ದ. ನಮ್ಮ ಬೀದಿಯ ಜನ "ಛೇ" ಎಂದರು, ಅಂಟಿನ ಬೋರ್ಡು ಮಾಡಿಸಿಕೊಂಡರು.

ಕೊನೆಗೆ ಬಂದವನು ಕ್ಷೌರದಂಗಡಿಯವನು, ಬೀದಿಗೆ ಹೊಸಬ. ಅವನ ಅಂಗಡಿಯ ಹೊರಗೋಡೆ ಸುಣ್ಣದ್ದು. ಅದಕ್ಕೆ ಅಂಟುಹಾಳೆ ಹಿಡಿಯುವುದಿಲ್ಲ. "ಕೈ ನಡುಗುತ್ತೆ ಅಂದ್ರು. ಪರವಾಗಿಲ್ಲಮ್ಮ, ನಿಮ್ಮ ಕೈ ನಡುಗಿದ್ರೆ ಗೋಡೆ. ನಂದು ನಡುಗಿದ್ರೆ ಕಿವಿ," ಎಂದ. ಅವಳಿಗೆ ಆ ಸುದ್ದಿ ತಿಳಿದದ್ದು ಹಾಗೆ. ಏಣಿ ಎತ್ತಿದಳು.

ಗೋಡೆಗೆ ಎರಡು ಸಾಲು. ಮೇಲೆ 'ಕೂದಲು', ಕೆಳಗೆ 'ಕತ್ತರಿಸಲಾಗುತ್ತದೆ'. ಮೇಲಿನ ಸಾಲು ಮುಗಿಯಿತು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಬರೆದಿರಲಿಲ್ಲ ಎಂದು ನನ್ನ ಲೆಕ್ಕ. ಆ ಕಾಗುಣಿತವನ್ನೆಲ್ಲ ತಿದ್ದಿ ತಿದ್ದಿ ಕೈ ಇನ್ನಷ್ಟು ಪಳಗಿತ್ತು. ಕೆಳಗಿನ ಸಾಲಿಗೆ ಕುಂಚ ಅದ್ದುತ್ತಿದ್ದಾಗ ತಮ್ಮ ರಸ್ತೆ ದಾಟಿ ಬಂದ. ಕಂಕುಳಲ್ಲಿ ಆ ಬಿಳಿ ತಗಡು.

ಅವನು ಅಕ್ಕನನ್ನು ಮಾತಾಡಿಸಲಿಲ್ಲ. ಕ್ಷೌರದವನಿಗೆ ತಗಡು ತೋರಿಸಿದ. "ನೋಡಿ ಸ್ವಾಮಿ, ಇದು ನಮ್ಮ ಅಂಗಡಿ ಅಕ್ಷರ. ನಮ್ಮ ಬೋರ್ಡುಗಳಿಗೆ ಮಾತ್ರ. ಬೇರೆಯವರು ಬರೆಯೋ ಹಾಗಿಲ್ಲ."

"ಯಾರೋ ಬೇರೆಯವರು?" ಎಂದಳು ಅಕ್ಕ ಏಣಿಯ ಮೇಲಿಂದ.

"ವ್ಯಾಪಾರದ ಮಾತು ಅಕ್ಕ, ನೀನು ಮಧ್ಯೆ ಬರಬೇಡ."

ಕ್ಷೌರದವನು ಕತ್ತರಿ ಹಿಡಿದೇ ಹೊರಗೆ ಬಂದು ತಗಡನ್ನೂ ಗೋಡೆಯನ್ನೂ ಎರಡೆರಡು ಸಲ ನೋಡಿದ. ಅವನಲ್ಲಿ ಕೆಟ್ಟತನ ಇರಲಿಲ್ಲ. "ಹೌದಲ್ಲ, ಅದೇ 'ಕ'. ಮಿಷಿನ್ನಿನ ಅಕ್ಷರಾನ ಕೈಯಲ್ಲಿ ಇಷ್ಟು ತದ್ರೂಪು ಕಾಪಿ ಹೊಡೀಬಹುದಾ? ಮೆಚ್ಚಬೇಕಮ್ಮ ನಿಮ್ಮನ್ನ."

ಅಕ್ಕ ಒಳಗೆ ನೋಡಿದಳು. ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದವರೆಲ್ಲ ಬೀದಿಯ ಹಳಬರು. ಒಬ್ಬರ ಮನೆಯ ಗೇಟಿನ ಹೆಸರು ಅವಳು ಬರೆದದ್ದು. ಇನ್ನೊಬ್ಬರ ಅಂಗಡಿಯ ಬೋರ್ಡು ಅವಳದು, ಅವರಪ್ಪನ ಕಾಲದಿಂದ. ಯಾರ ಅಕ್ಷರ ಯಾರದು ಎಂದು ಹೇಳಲು ಒಂದು ವಾಕ್ಯ ಸಾಕಿತ್ತು. ಒಬ್ಬರು ಪತ್ರಿಕೆಯನ್ನು ಇನ್ನಷ್ಟು ಅಗಲ ಬಿಡಿಸಿದರು. ಇನ್ನೊಬ್ಬರು ಕನ್ನಡಿಯಲ್ಲಿ ಮೀಸೆ ನೋಡಿಕೊಂಡರು. ಅಕ್ಕತಮ್ಮಂದಿರ ಜಗಳದಲ್ಲಿ ನಮಗೇನು ಎಂಬ ನಮ್ಮ ಸಭ್ಯತೆ ಎಂಥ ನುಣುಪಾದ ವಸ್ತು. ಯಾವುದೂ ಅದಕ್ಕೆ ಅಂಟುವುದಿಲ್ಲ.

"ಜಗಳ ಯಾಕೆ? ಕೆಳಗಿನ ಸಾಲು ಬೇರೆ ಥರ ಬರೆದುಬಿಡಿ ಅಮ್ಮ, ಯಾರ ತಕರಾರೂ ಇರಲ್ಲ," ಎಂದ ಕ್ಷೌರದವನು. ತಮ್ಮ ತಲೆಯಾಡಿಸಿದ. ಮೇಲಿನ ಸಾಲು ಇರಲಿ ಎಂದು ದೊಡ್ಡ ಮನಸ್ಸು ಮಾಡಿದ. ತಗಡು ಮತ್ತೆ ಕಂಕುಳಲ್ಲಿಟ್ಟುಕೊಂಡು ಅಲ್ಲೇ ನಿಂತ, ಮುಗಿಯುವವರೆಗೆ ನೋಡಲು.

ಅವಳು ಬೈಯುತ್ತಾಳೆಂದು ಬೆಂಚಿನ ಮೇಲಿದ್ದವರು ಕಾದರು. ಅವಳು ಬರೆದಳು. 'ಕ'ದ ಒಡಲನ್ನು ಎಂದಿನಂತೆ ತುಂಬಹೋಗಿ, ಕುಂಚ ತಡೆದು, ಒಣಕಲಾಗಿ ಬಿಟ್ಟಳು. ಬಾಗಬೇಕಾದಲ್ಲಿ ಮುರಿದಳು. ತಾನಾಗಿ ಇಳಿದುಬರುವ ಒತ್ತನ್ನು ಎಳೆದು ಪಕ್ಕಕ್ಕೆ ಕೂರಿಸಿದಳು. ಪ್ರತಿ ತಿರುವಿನಲ್ಲೂ ಕೈಯನ್ನು ಅದರ ದಾರಿಯಿಂದ ಆಚೆ ದಬ್ಬಬೇಕಾಗಿತ್ತು. ಆ ಒಂದು ಸಾಲಿಗೆ ಇಡೀ ಮಧ್ಯಾಹ್ನ ಹಿಡಿಯಿತು.

ಕ್ಷೌರದವನು ದೂರ ನಿಂತು ನೋಡಿದ. "ಈಗ ಸರಿಹೋಯ್ತು. ಕೆಳಗಿನದು ಸ್ವಲ್ಪ ಕಲಿಯೋರು ಬರೆದ ಹಾಗಿದೆ. ನಡೆಯುತ್ತೆ ಬಿಡಿ, ಬರೀತಾ ಬರೀತಾ ಕೈ ಕೂರುತ್ತೆ."

ಅಕ್ಷರದಕ್ಕ "ಹೂಂ" ಎಂದು ಏಣಿ ಮಡಚಿದಳು.